ಶಿವಗಂಗೆಯಲ್ಲಿ ಕಟಾ, ನೆನಪಾದ ಗರಡಿ

ಭಾನುವಾರ ಶಿವಗಂಗೆ ಬೆಟ್ಟದ ಬುಡದಲ್ಲಿ ಕರಾಟೆಯ ಕಟಾ ಮಾಡ್ತಿದ್ದೆ. ಒಂದು ಕೈ ಗುದ್ದುವಾಗ ಇನ್ನೊಂದನ್ನು ಸೊಂಟಕ್ಕೆ ಯಾಕೆ ಎಳೀಬೇಕು? ಗೆಳೆಯ ಎದುರು ನಿಂತಾಗ ಗೊತ್ತಾಯ್ತು: ಅವನ ಮಣಿಕಟ್ಟು ಹಿಡಿದು ಎಳೆದರೆ ಆಯ ತಪ್ಪುತ್ತಾನೆ, ಆಗ ಗುದ್ದು! ಹೀಗೆ ಅರ್ಥ ಬಿಡಿಸೋದಕ್ಕೆ ಬುಂಕಾಯ್ ಅಂತಾರೆ. 1901ರಲ್ಲಿ ಇಟೊಸು ಅಂಕೋ ಕರಾಟೆಯನ್ನು ಒಕಿನಾವಾದ ಶಾಲೆಗೆ ತಂದರು. ಅಲ್ಲಿ ಅದು ಮಕ್ಕಳ ಕವಾಯತಾಯ್ತು, ಇಂಥ ಅರ್ಥಗಳು ಹಿಂದೆ ಸರಿದವು.

ನಮ್ಮ ಕಥೆಯೇನು? ಹೊಯ್ಸಳರ ರಾಣಿ ಶಾಂತಲೆ ಇದೇ ಶಿವಗಂಗೆಯಲ್ಲಿ ತೀರಿಕೊಂಡದ್ದು 1131ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಊಟ, ಸಾಮು, ಪಟ್ಟುಗಳನ್ನೆಲ್ಲ ಬರೆದಿಟ್ಟ. ಜಟ್ಟಿಗಳ ವಜ್ರಮುಷ್ಟಿ ಕಾಳಗ ಈಗ ಮೈಸೂರು ಅರಮನೆಯಲ್ಲಿ ವಿಜಯದಶಮಿಯ ಆಚರಣೆ. ತಲೆಯಿಂದ ನೆತ್ತರು ಬಂದೊಡನೆ ನಿಲ್ಲಿಸಿಬಿಡ್ತಾರೆ.

ಪಟ್ಟಿನ ಹೆಸರು ಪುಸ್ತಕದಲ್ಲಿ ಉಳಿಯಬಹುದು. ಆದರೆ ಎಲ್ಲಿ ಹಿಡೀಬೇಕು, ಯಾವಾಗ ಬಿಡಬೇಕು ಅನ್ನೋದನ್ನ ಕಲಿಯೋಕೆ ಎದುರಿಗೊಬ್ಬ ಬೇಕೇ ಬೇಕು. ಗರಡಿಗೆ ಬೀಗ ಬಿದ್ದರೆ ಕಳೆದುಹೋಗೋದು ಅದೇ.

ನಿಮ್ಮೂರಿನ ಗರಡಿಮನೆಯಲ್ಲಿ ಇನ್ನೂ ಮಣ್ಣು ಹದ ಮಾಡ್ತಾರಾ?