ಕಂಕುಳಿನ ಗ್ರಂಥಿಯೂ ಶ್ರವಣಾತೀತ ಧ್ವನಿಯೂ: ಒಂದು ಚಾರಿತ್ರಿಕ ವಿವೇಚನೆ

1

ಶಿವಮೊಗ್ಗ, ಭದ್ರಾವತಿಗಳ ನಡುವಣ ದೂರ ಇಪ್ಪತ್ತು ಕಿಲೋಮೀಟರಿನಷ್ಟು. ಮೊದಲನೆಯದು ಜಿಲ್ಲೆಯ ಆಡಳಿತಕ್ಕೂ ವೈದ್ಯಕ್ಕೂ ಕೇಂದ್ರವಾದ ಊರು. ಎರಡನೆಯದು 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಂದಿನಿಂದ ಕಬ್ಬಿಣದ ಊರೆಂದು ನಾಡಿಗೆಲ್ಲ ಪರಿಚಿತವಾದುದು. ರೋಗಿಯ ಪರೀಕ್ಷೆಗೂ ಉಕ್ಕಿನ ಪರೀಕ್ಷೆಗೂ ಸಂಬಂಧವಿರಬಹುದೆಂದು ಮೇಲುನೋಟಕ್ಕೆ ಯಾರಿಗೂ ತೋರದು. ಆದರೆ ಸ್ತನದ ಕ್ಯಾನ್ಸರಿನ ಚಿಕಿತ್ಸೆಯ ಚರಿತ್ರೆಯನ್ನು ಪರಿಶೀಲಿಸಿದವರಿಗೆ ಆ ಸಂಬಂಧ ಸ್ಪಷ್ಟವಾಗಿ ಗೋಚರಿಸುತ್ತದೆ.

ಸ್ತನದಲ್ಲಿ ಗಂಟು ಕಾಣಿಸಿಕೊಂಡು ಹಳ್ಳಿಯ ಹೆಂಗಸೊಬ್ಬಳು ಇಂದು ಆಸ್ಪತ್ರೆಗೆ ಬಂದರೆ ವೈದ್ಯರು ಸ್ತನವನ್ನು ಮಾತ್ರವಲ್ಲದೆ ಕಂಕುಳನ್ನೂ ಸ್ಕ್ಯಾನಿಂಗ್ ಮಾಡಿಸುತ್ತಾರೆ. "ಗಂಟಿರುವುದು ಎದೆಯಲ್ಲಿ, ಕಂಕುಳನ್ನು ನೋಡುವುದೇಕೆ?" ಎಂದು ಆಕೆ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ಈ ಪ್ರಶ್ನೆಗೆ ವೈದ್ಯಶಾಸ್ತ್ರ ಕೊಟ್ಟ ಉತ್ತರ ಕಳೆದ ನೂರನಲವತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬದಲಾಗಿದೆ. ಆ ಬದಲಾವಣೆಯ ಸ್ವರೂಪವೇನು, ಅದರಲ್ಲಿ ಶ್ರವಣಾತೀತ ಧ್ವನಿಯ ಪಾತ್ರವೇನು, ನಮ್ಮ ಜಿಲ್ಲೆಯಂಥ ಪ್ರದೇಶಕ್ಕೆ ಅದರಿಂದ ಒದಗುವ ಪಾಠವೇನು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

2

ಶರೀರದಲ್ಲಿ ರಕ್ತನಾಳಗಳಿರುವಂತೆಯೇ ದುಗ್ಧರಸವನ್ನು ಸಾಗಿಸುವ ಸಣ್ಣ ನಾಳಗಳೂ ಇವೆ. ಈ ನಾಳಗಳ ಹಾದಿಯಲ್ಲಿ ಅಲ್ಲಲ್ಲಿ ಹುರುಳಿಕಾಯಿಯ ಬೀಜದ ಆಕಾರದ ಗ್ರಂಥಿಗಳು ಇರುತ್ತವೆ. ಸ್ತನದಿಂದ ಹೊರಡುವ ದುಗ್ಧರಸದ ಬಹುಪಾಲು ಕಂಕುಳಿನ ಗ್ರಂಥಿಗಳನ್ನು ಹಾದುಹೋಗುವುದರಿಂದ, ಮೂಲಸ್ಥಾನವನ್ನು ಬಿಟ್ಟು ಹೊರಟ ಕ್ಯಾನ್ಸರಿನ ಜೀವಕೋಶಗಳು ಸಾಮಾನ್ಯವಾಗಿ ಮೊದಲು ತಂಗುವುದು ಅಲ್ಲಿಯೇ.

ಹತ್ತೊಂಬತ್ತನೆಯ ಶತಮಾನದ ಶಸ್ತ್ರವೈದ್ಯರು ಇದನ್ನು ಬಲ್ಲವರಾಗಿದ್ದರು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1882ರಿಂದ ಆಚರಣೆಗೆ ತಂದು 1894ರಲ್ಲಿ 50 ಮಂದಿಯ ವಿವರಗಳೊಡನೆ ಪ್ರಕಟಿಸಿದ ಶಸ್ತ್ರಕ್ರಿಯೆ ಇದೇ ತಿಳಿವಳಿಕೆಯ ಮೇಲೆ ನಿಂತಿತ್ತು. ರೋಗವು ಸ್ತನದಿಂದ ಗ್ರಂಥಿಗೆ, ಗ್ರಂಥಿಯಿಂದ ಮುಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆಂದೂ, ಆದುದರಿಂದ ಸ್ತನ, ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಇವೆಲ್ಲವನ್ನೂ ಒಟ್ಟಾಗಿ ತೆಗೆದರೆ ರೋಗವನ್ನು ತಡೆಯಬಹುದೆಂದೂ ಆತ ನಂಬಿದ್ದನು. ಗಂಟು ಮತ್ತೆ ಅದೇ ಸ್ಥಳದಲ್ಲಿ ತಲೆಯೆತ್ತುವುದು ಇದರಿಂದ ಬಹಳ ಕಡಿಮೆಯಾಯಿತು. ಆದರೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಗ್ರಂಥಿಗಳೆಲ್ಲ ಹೋದ ಮೇಲೆ ದುಗ್ಧರಸ ಹರಿಯಲಾರದೆ ನಿಂತು ತೋಳು ಬಾತುಕೊಳ್ಳುವುದುಂಟು. ಕಂಕುಳಿನ ಗ್ರಂಥಿಗಳನ್ನು ಪೂರ್ಣವಾಗಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ಬಾವು ಬರುತ್ತದೆಂದು ಈಚಿನ ಅಧ್ಯಯನಗಳ ಸಮೀಕ್ಷೆ ತಿಳಿಸುತ್ತದೆ. ಗದ್ದೆಯಲ್ಲಿ ನಾಟಿ ಮಾಡಿ, ಅಡಿಕೆ ಸುಲಿದು, ನೀರು ಹೊತ್ತು ಬದುಕುವ ಹೆಂಗಸಿಗೆ ತೋಳು ಹೋದರೆ ಜೀವನೋಪಾಯವೇ ಹೋದಂತೆ.

ಹಾಲ್‌ಸ್ಟೆಡ್‌ನ ನಂಬಿಕೆಯನ್ನು ಪ್ರಶ್ನಿಸಿ ಪ್ರಯೋಗಕ್ಕೆ ಒಡ್ಡಿದವರು ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಅವರ ಸಹೋದ್ಯೋಗಿಗಳು. 1971ರಲ್ಲಿ ಆರಂಭವಾದ ಅವರ ಪ್ರಯೋಗದಲ್ಲಿ, ಕಂಕುಳಿನಲ್ಲಿ ಕೈಗೆ ಯಾವ ಅನುಮಾನದ ಗ್ರಂಥಿಯೂ ಸಿಗದಿದ್ದ 1,079 ಮಂದಿ ಮಹಿಳೆಯರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಹಾಲ್‌ಸ್ಟೆಡ್‌ನ ಶಸ್ತ್ರಕ್ರಿಯೆ. ಇನ್ನೊಂದಕ್ಕೆ ಸ್ತನವನ್ನು ತೆಗೆದು ವಿಕಿರಣ ಚಿಕಿತ್ಸೆ. ಮತ್ತೊಂದಕ್ಕೆ ಸ್ತನವನ್ನು ಮಾತ್ರ ತೆಗೆದು ಕಂಕುಳನ್ನು ಮುಟ್ಟದೆ ಬಿಡುವುದು. ಇಪ್ಪತ್ತೈದು ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾದಾಗ ಬದುಕಿ ಉಳಿದವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ.

ಈ ಪ್ರಯೋಗದಲ್ಲಿ ಎರಡು ಅಂಶಗಳನ್ನು ನಾವು ಗಮನಿಸಬೇಕು. ಗ್ರಂಥಿಗಳನ್ನು ತೆಗೆದ ಗುಂಪಿನಲ್ಲಿ ಶೇಕಡ 40ರಷ್ಟು ಮಂದಿಯ ಗ್ರಂಥಿಗಳಲ್ಲಿ ರೋಗವಿತ್ತು; ಎಂದರೆ ವೈದ್ಯನ ಬೆರಳು ಅಷ್ಟು ಮಂದಿಯ ವಿಷಯದಲ್ಲಿ ತಪ್ಪಿತ್ತು. ಕಂಕುಳನ್ನು ಮುಟ್ಟದೆ ಬಿಟ್ಟ ಗುಂಪಿನಲ್ಲಿಯೂ ರೋಗ ಅಷ್ಟೇ ಇದ್ದಿರಬೇಕಾದರೂ, ಮುಂದೆ ಅಲ್ಲಿ ಗಂಟು ಕಾಣಿಸಿಕೊಂಡದ್ದು ಶೇಕಡ 20ಕ್ಕಿಂತ ಕಡಿಮೆ ಮಂದಿಯಲ್ಲಿ. ಗ್ರಂಥಿಯು ರೋಗವನ್ನು ತಡೆಯುವ ಕೋಟೆಯಲ್ಲ, ರೋಗ ಎಷ್ಟು ದೂರ ಸಾಗಿದೆಯೆಂದು ತಿಳಿಸುವ ಸಾಕ್ಷಿ ಎಂಬ ಅಭಿಪ್ರಾಯ ಇದರಿಂದ ಬಲವಾಯಿತು. ಸಾಕ್ಷಿಯನ್ನು ವಿಚಾರಿಸಿದರೆ ಸಾಕು, ಕಿತ್ತುಹಾಕಲೇಬೇಕೆಂಬ ನಿಯಮವಿಲ್ಲ. ಆದರೆ ಬೆರಳಿಗೆ ಸಿಗದ ಸಾಕ್ಷಿಯನ್ನು ವಿಚಾರಿಸುವ ಬಗೆ ಹೇಗೆ?

3

ಇದಕ್ಕೆ ಉತ್ತರ ಬಂದುದು ಲೋಹದ ಕಡೆಯಿಂದ. ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಬಿರುಕು ಕಣ್ಣಿಗೆ ಕಾಣದಿದ್ದರೂ ದನಿ ತಿಳಿಸಿಬಿಡುತ್ತದೆ. ಶ್ರವಣಾತೀತ ಧ್ವನಿಯ ಪರೀಕ್ಷೆಯೂ ಇದೇ ಜಾತಿಯದು. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳುಳ್ಳ, ಮನುಷ್ಯನ ಕಿವಿಗೆ ಕೇಳಿಸದ ಧ್ವನಿಯನ್ನು ವಸ್ತುವಿನೊಳಕ್ಕೆ ಕಳುಹಿಸಿದರೆ, ಒಳಗೆ ವಸ್ತು ಬದಲಾಗುವಲ್ಲೆಲ್ಲ ಅದರ ಒಂದಂಶ ಪ್ರತಿಧ್ವನಿಯಾಗಿ ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಕಾಲದಿಂದ ಆಳವನ್ನು ಲೆಕ್ಕ ಹಾಕಬಹುದು.

1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು, ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಕಂಡುಕೊಂಡರು. ಮೊದಲನೆಯ ಮಹಾಯುದ್ಧದಲ್ಲಿ ಪಾಲ್ ಲಾಂಜೆವೆನ್ ಅಂಥ ಹರಳಿನಿಂದ ಧ್ವನಿಯನ್ನು ಹುಟ್ಟಿಸಿ, ನೀರಿನೊಳಗಿನ ಹಡಗುಗಳನ್ನು ಪತ್ತೆಮಾಡುವ ಸಾಧನವನ್ನು ರಚಿಸಿದನು. 1928ರ ಹೊತ್ತಿಗೆ ರಷ್ಯದ ಸೊಕೊಲೊವ್ ಲೋಹದ ಒಳಗಿನ ದೋಷವನ್ನು ಈ ಧ್ವನಿಯಿಂದ ತಿಳಿಯಬಹುದೆಂದು ಸೂಚಿಸಿದನು. 1940ರ ದಶಕದಲ್ಲಿ ಅಮೆರಿಕದ ಫೈರ್‌ಸ್ಟೋನ್ ಪ್ರತಿಧ್ವನಿಯ ತತ್ವದ ಮೇಲೆ ನಡೆಯುವ ಯಂತ್ರವನ್ನು ನಿರ್ಮಿಸಿದನು. ಈ ಕಥನದಲ್ಲಿ ನಮ್ಮ ನಾಡಿಗೂ ಒಂದು ಸ್ಥಾನವಿದೆ. 1935-36ರಲ್ಲಿ ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್ ಅವರು ಶ್ರವಣಾತೀತ ಧ್ವನಿಯ ಅಲೆಗಳಿಂದ ಬೆಳಕು ವಿವರ್ತನೆಗೊಳ್ಳುವ ಬಗೆಯನ್ನು ವಿವರಿಸಿದ ಸಿದ್ಧಾಂತ ಇಂದಿಗೂ ಅವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಲೋಹದಿಂದ ದೇಹಕ್ಕೆ ಈ ವಿದ್ಯೆ ದಾಟಿದ ಸಂಗತಿ ಸ್ವಾರಸ್ಯವಾದುದು. 1955ರಲ್ಲಿ ಗ್ಲಾಸ್ಗೋ ನಗರದ ಪ್ರಸೂತಿವೈದ್ಯ ಇಯಾನ್ ಡೊನಾಲ್ಡ್, ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ಬಾಯ್ಲರು ತಯಾರಿಸುವ ಕಾರ್ಖಾನೆಯೊಂದಕ್ಕೆ ಹೋದನು. ಅಲ್ಲಿ ಲೋಹದ ಬೆಸುಗೆಯನ್ನು ಪರೀಕ್ಷಿಸುತ್ತಿದ್ದ ಯಂತ್ರವನ್ನು ಅವುಗಳಿಗೆ ಹಿಡಿದಾಗ, ನೀರು ತುಂಬಿದ ಗೆಡ್ಡೆಯೂ ಘನವಾದ ಗೆಡ್ಡೆಯೂ ಬೇರೆ ಬೇರೆ ಪ್ರತಿಧ್ವನಿ ಕೊಟ್ಟುವು. ಆತನ ಮುಖ್ಯ ಲೇಖನ ಪ್ರಕಟವಾದುದು 1958ರಲ್ಲಿ. ಇದಕ್ಕೂ ಮೊದಲೇ, 1950ರ ದಶಕದ ಆರಂಭದಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾನ್ ವೈಲ್ಡ್ ಮತ್ತು ಜಾನ್ ರೀಡ್ ಸ್ತನದ ಗಂಟುಗಳನ್ನೇ ಪ್ರತಿಧ್ವನಿಯಿಂದ ಪರೀಕ್ಷಿಸಿದ್ದರು. ಹೀಗೆ ಶ್ರವಣಾತೀತ ಧ್ವನಿಯನ್ನು ವೈದ್ಯಕ್ಕೆ ತಂದ ಮೊದಲ ಪ್ರಯತ್ನಗಳಲ್ಲಿಯೇ ಸ್ತನದ ಪರೀಕ್ಷೆಯೂ ಸೇರಿತ್ತು.

ಉಕ್ಕಿನಲ್ಲಿ ಈ ಧ್ವನಿ ಸೆಕೆಂಡಿಗೆ ಸುಮಾರು 5,900 ಮೀಟರು ಸಾಗಿದರೆ ದೇಹದ ಮೃದುವಾದ ಭಾಗಗಳಲ್ಲಿ ಸುಮಾರು 1,540 ಮೀಟರು ಸಾಗುತ್ತದೆ. ಅಂಕಿ ಬೇರೆಯಾದರೂ ತತ್ವ ಒಂದೇ. ಭದ್ರಾವತಿಯ ಕಾರ್ಖಾನೆ ಹೆಸರು ಗಳಿಸಿದ್ದ ಮಿಶ್ರಲೋಹದ ಉಕ್ಕಿನಂಥ ವಸ್ತುವಿನಲ್ಲಿ ಒಳಬಿರುಕನ್ನು ಹುಡುಕುವ ವಿದ್ಯೆಯೂ ಶಿವಮೊಗ್ಗದ ರೋಗಿಯ ಕಂಕುಳಿನಲ್ಲಿ ಗ್ರಂಥಿಯನ್ನು ಹುಡುಕುವ ವಿದ್ಯೆಯೂ ಒಡಹುಟ್ಟಿದವು.

4

ಯಂತ್ರವು ತೋರಿಸುವುದೇನನ್ನು? ಆರೋಗ್ಯದ ಗ್ರಂಥಿ ಉದ್ದನೆಯ ಅಂಡಾಕಾರವಾಗಿದ್ದು, ತೆರೆಯ ಮೇಲೆ ಅದರ ಹೊರಪದರ ತೆಳ್ಳಗೆ ಕಪ್ಪಾಗಿಯೂ ನಡುಭಾಗ ಬಿಳಿಯದಾಗಿಯೂ ಕಾಣುತ್ತದೆ. ರೋಗ ಸೇರಿದ ಗ್ರಂಥಿಯ ಹೊರಪದರ ದಪ್ಪಗಾಗುತ್ತದೆ. ಅದು 3 ಮಿಲಿಮೀಟರನ್ನು ಮೀರಿದರೆ ಸಾಮಾನ್ಯವಾಗಿ ಅನುಮಾನಪಡುತ್ತಾರೆ. ನಡುವಿನ ಬಿಳುಪು ಒತ್ತರಿಸಿ ಮಾಯವಾಗುವುದು, ಗ್ರಂಥಿ ದುಂಡಗಾಗುವುದು ಮುಂದಿನ ಲಕ್ಷಣಗಳು. ಈಚಿನ ಯಂತ್ರಗಳಲ್ಲಿ ಇನ್ನೂ ಕೆಲವು ಉಪಾಯಗಳಿವೆ. ಡಾಪ್ಲರ್ ವಿಧಾನದಿಂದ ರಕ್ತದ ಚಲನೆಯನ್ನು ನೋಡಬಹುದು. ನಡುವಿನಿಂದ ಬರಬೇಕಾದ ರಕ್ತ ಅಂಚಿನಿಂದ ಬರುತ್ತಿದ್ದರೆ ಅದು ಅನುಮಾನಕ್ಕೆ ಎಡೆಗೊಡುತ್ತದೆ. 1991ರಿಂದ ಬೆಳೆದುಬಂದ ಎಲಾಸ್ಟೋಗ್ರಫಿಯಿಂದ ಗ್ರಂಥಿಯ ಗಡಸುತನವನ್ನು ಅಳೆಯಬಹುದು. ಸೂಕ್ಷ್ಮವಾದ ಅನಿಲದ ಗುಳ್ಳೆಗಳನ್ನು ಚುಚ್ಚಿ, ದುಗ್ಧರಸ ಮೊದಲು ತಲಪುವ ಗ್ರಂಥಿ ಯಾವುದೆಂದು ಗುರುತಿಸುವ ಪ್ರಯತ್ನವೂ ನಡೆದಿದೆ.

ಇಷ್ಟಾದರೂ ಚಿತ್ರವೇ ತೀರ್ಪಲ್ಲ. ಅನುಮಾನದ ಗ್ರಂಥಿಯೊಳಕ್ಕೆ ಚಿತ್ರವನ್ನು ನೋಡುತ್ತಲೇ ಸೂಜಿಯನ್ನು ತೂರಿಸಿ, ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಂತೆ, ಗ್ರಂಥಿಯಲ್ಲಿ ರೋಗವಿರುವವರಲ್ಲಿ ಅರ್ಧದಷ್ಟು ಮಂದಿಯನ್ನು ಈ ಕ್ರಮದಿಂದ ಶಸ್ತ್ರಕ್ರಿಯೆಗೆ ಮೊದಲೇ ಗುರುತಿಸಬಹುದು; ರೋಗವಿಲ್ಲವೆಂದು ಈ ಪರೀಕ್ಷೆ ಹೇಳಿದವರಲ್ಲಿಯೂ ನಾಲ್ವರಲ್ಲಿ ಒಬ್ಬರ ಗ್ರಂಥಿಯಲ್ಲಿ ಮುಂದೆ ರೋಗ ಸಿಗುತ್ತದೆ. ಬೆರಳಿಗಿಂತ ಯಂತ್ರ ಮೇಲು, ನಿಜ. ಆದರೆ ಅದು ಸರ್ವಜ್ಞವಲ್ಲ.

ಈ ಕೊರತೆಯನ್ನು ತುಂಬಲೆಂದೇ 1990ರ ದಶಕದಲ್ಲಿ ಮೊದಲ ಗ್ರಂಥಿಯನ್ನು ಮಾತ್ರ ತೆಗೆದು ಪರೀಕ್ಷಿಸುವ ಪದ್ಧತಿ ರೂಢಿಗೆ ಬಂದಿತು. ಇದರಲ್ಲಿ ಬಣ್ಣವನ್ನೋ ವಿಕಿರಣವಸ್ತುವನ್ನೋ ಚುಚ್ಚಿ ಆ ಗ್ರಂಥಿಯನ್ನು ಗುರುತಿಸುತ್ತಾರೆ. ತೋಳಿನ ಬಾವು ಶೇಕಡ 20ರಿಂದ ಶೇಕಡ 6ರ ಆಸುಪಾಸಿಗೆ ಇಳಿಯಿತು. ಕೊನೆಗೆ 2023ರಲ್ಲಿ ಇಟಲಿಯವರ ನೇತೃತ್ವದ ಪ್ರಯೋಗವೊಂದು ಇನ್ನೂ ಮುಂದೆ ಹೋಯಿತು. ಗಂಟು 2 ಸೆಂಟಿಮೀಟರನ್ನು ಮೀರದೆ, ಕಂಕುಳಿನ ಸ್ಕ್ಯಾನಿಂಗ್‌ನಲ್ಲಿ ದೋಷ ಕಾಣದಿದ್ದ 1,405 ಮಹಿಳೆಯರಲ್ಲಿ ಒಂದು ಗುಂಪಿನ ಕಂಕುಳಿಗೆ ಶಸ್ತ್ರವನ್ನೇ ತಾಕಿಸಲಿಲ್ಲ. ಐದು ವರ್ಷಗಳಲ್ಲಿ ರೋಗ ದೂರದ ಅಂಗಗಳಿಗೆ ಹರಡದೆ ಉಳಿದವರು ಆ ಗುಂಪಿನಲ್ಲಿ ಶೇಕಡ 98.0, ಗ್ರಂಥಿಯನ್ನು ತೆಗೆದ ಗುಂಪಿನಲ್ಲಿ ಶೇಕಡ 97.7. ಹಾಲ್‌ಸ್ಟೆಡ್‌ನ ಕಾಲದಲ್ಲಿ ಎಲ್ಲವನ್ನೂ ತೆಗೆಯುವುದರಿಂದ ಹೊರಟ ಶಾಸ್ತ್ರ, ಕೆಲವರ ಮಟ್ಟಿಗೆ ಏನನ್ನೂ ತೆಗೆಯದೆ ಬಿಡುವಲ್ಲಿಗೆ ಬಂದು ನಿಂತಿದೆ.

5

ಆದರೆ ಇಲ್ಲಿ ನಾವು ಎಚ್ಚರಿಕೆಯಿಂದ ಹೆಜ್ಜೆಯಿಡಬೇಕು. ಆ ಪ್ರಯೋಗಕ್ಕೆ ಸೇರಿದವರ ಗಂಟು ಚಿಕ್ಕದು. ನಮ್ಮ ದೇಶದಲ್ಲಿಯಾದರೋ ಗಂಟು ದೊಡ್ಡದಾಗಿ, ಗ್ರಂಥಿ ಊದಿದ ಮೇಲೆ ಆಸ್ಪತ್ರೆಗೆ ಬರುವವರ ಸಂಖ್ಯೆ ಹೆಚ್ಚು. ನೋವಿಲ್ಲದ ಗಂಟನ್ನು ಯಾರಿಗೂ ತೋರಿಸದೆ ತಿಂಗಳುಗಟ್ಟಲೆ ಮರೆಮಾಡುವ ಸಂಕೋಚ, ಕೊಯ್ಲು ಮುಗಿಯಲೆಂದು ಕಾಯುವ ಬಡತನ, ಇವೆರಡೂ ಅದಕ್ಕೆ ಕಾರಣ. ಮುಂದುವರಿದ ರೋಗಕ್ಕೆ ಕಂಕುಳನ್ನು ಮುಟ್ಟದೆ ಬಿಡುವ ತೀರ್ಮಾನ ಸಲ್ಲದು. ಅಂಥವರಲ್ಲಿ ಸ್ಕ್ಯಾನಿಂಗ್‌ನ ಉಪಯೋಗ ಬೇರೆ: ರೋಗವಿರುವ ಗ್ರಂಥಿಯನ್ನು ಸೂಜಿಯಿಂದ ಖಚಿತಪಡಿಸಿಕೊಳ್ಳುವುದು, ಅದರಲ್ಲಿ ಲೋಹದ ಚಿಕ್ಕ ಗುರುತನ್ನು ಇಡುವುದು, ಮೊದಲು ಔಷಧ ಚಿಕಿತ್ಸೆ ಕೊಟ್ಟು ಗ್ರಂಥಿ ಎಷ್ಟು ಕರಗಿತೆಂದು ಮತ್ತೆ ನೋಡುವುದು. ಗುರುತಿಟ್ಟ ಗ್ರಂಥಿಯನ್ನೂ ಮೊದಲ ಗ್ರಂಥಿಗಳನ್ನೂ ಕೂಡಿಸಿ ತೆಗೆದು ಪರೀಕ್ಷಿಸಿದರೆ ರೋಗ ತಪ್ಪಿಹೋಗುವ ಸಂಭವ ಬಹಳ ಕಡಿಮೆಯೆಂದು 2016ರಲ್ಲಿ ಹ್ಯೂಸ್ಟನ್ ನಗರದ ವೈದ್ಯರು ತೋರಿಸಿದರು.

ಮಲೆನಾಡಿಗೆ ವಿಶೇಷವಾದ ಇನ್ನೊಂದು ಸಂಗತಿಯಿದೆ. ಊದಿದ ಗ್ರಂಥಿಗಳೆಲ್ಲ ಕ್ಯಾನ್ಸರಲ್ಲ. ಕ್ಷಯ ನಮ್ಮಲ್ಲಿ ಇನ್ನೂ ಅಳಿದಿಲ್ಲ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯಲ್ಲಿಯೂ ಕುತ್ತಿಗೆಯ, ಕಂಕುಳಿನ ಗ್ರಂಥಿಗಳು ಊದುವುದುಂಟು. ಆದುದರಿಂದ ತೆರೆಯ ಮೇಲಿನ ನೆರಳನ್ನು ನಂಬಿ ತೀರ್ಪು ಕೊಡದೆ ಸೂಜಿ ಪರೀಕ್ಷೆಯವರೆಗೆ ಹೋಗುವುದು ಇಲ್ಲಿ ಮತ್ತಷ್ಟು ಅಗತ್ಯ.

ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸಂಸ್ಥೆ ಸ್ಥಾಪಿತವಾದ ಮೇಲೆ ಬಹುಕಾಲ ನಮ್ಮ ಜಿಲ್ಲೆಯ ರೋಗಿಗಳಿಗೆ ಸುಮಾರು 300 ಕಿಲೋಮೀಟರು ದೂರದ ಆ ದಾರಿಯೇ ಗತಿಯೆಂಬಂತಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಗಿ, ಮೆಗ್ಗಾನ್ ಆಸ್ಪತ್ರೆ ಅದರ ಬೋಧನಾ ಆಸ್ಪತ್ರೆಯಾಯಿತು. ವಿಕಿರಣವಸ್ತುವನ್ನು ಬಳಸುವ ಪರೀಕ್ಷೆಗೆ ಬೇಕಾದ ಸಲಕರಣೆ ಎಲ್ಲೆಡೆಯೂ ದೊರೆಯುವಂಥದಲ್ಲ. ಸ್ಕ್ಯಾನಿಂಗ್ ಯಂತ್ರವಾದರೋ ತಾಲ್ಲೂಕು ಕೇಂದ್ರಗಳಿಗೂ ಬಂದಿದೆ. ಅದರ ದುರುಪಯೋಗವನ್ನು ತಡೆಯಲು 1994ರ ಕಾಯಿದೆಯಂತೆ ಅಂಥ ಕೇಂದ್ರಗಳು ನೋಂದಣಿಯಾಗಬೇಕೆಂಬ ನಿಯಮವಿದೆ. ಭ್ರೂಣಹತ್ಯೆಯ ಕಳಂಕವನ್ನು ಹೊತ್ತ ಯಂತ್ರವೇ ಹೆಂಗಸಿನ ತೋಳನ್ನೂ ಪ್ರಾಣವನ್ನೂ ಉಳಿಸಬಲ್ಲುದೆಂಬುದನ್ನು ಜನ ಅರಿಯಬೇಕಾಗಿದೆ.

ಈ ಚರಿತ್ರೆಯಿಂದ ನಮಗೆ ತೋರುವುದಿಷ್ಟು. ಕಡಿಮೆ ಕೊಯ್ಯುವ ಧೈರ್ಯ ವೈದ್ಯರಿಗೆ ಬಂದುದು ಹೆಚ್ಚು ತಿಳಿಯುವ ಸಾಧನ ದೊರೆತ ಮೇಲೆ. ಅದೂ ಸಾವಿರಾರು ಮಹಿಳೆಯರು ಪ್ರಯೋಗಕ್ಕೆ ಒಪ್ಪಿ ನಿಂತುದರಿಂದ. ಆ ಫಲದಲ್ಲಿ ನಮ್ಮ ಜಿಲ್ಲೆಯ ಹೆಂಗಸಿಗೂ ಪಾಲು ಸಲ್ಲಬೇಕಾದರೆ ಗಂಟು ಚಿಕ್ಕದಿರುವಾಗಲೇ ಆಕೆ ಬರುವಂತಾಗಬೇಕು. ಬಂದಾಗ ಕಂಕುಳನ್ನು ನೋಡಬಲ್ಲ ನುರಿತ ಕಣ್ಣು ಹತ್ತಿರದಲ್ಲಿಯೇ ಇರಬೇಕು. ಯಂತ್ರ ಎಷ್ಟು ಸೂಕ್ಷ್ಮವಾದರೂ, ತಡವಾಗಿ ಬಂದವಳಿಗೆ ಅದು ತಡವಾಯಿತೆಂಬುದನ್ನು ಮಾತ್ರ ತೋರಿಸಬಲ್ಲುದು.