ಅಚ್ಚುಮೊಳೆಯಿಂದ ಅಕ್ಷರಸಂಕೇತಕ್ಕೆ

ನಾಶವಿಲ್ಲದುದೇ ಅಕ್ಷರವೆಂಬುದು ಹಿರಿಯರು ಹೇಳಿದ ನಿರುಕ್ತಿ. ಆದರೆ ಅಕ್ಷರವನ್ನು ಹೊತ್ತ ಓಲೆ, ಕಾಗದ, ಸೀಸದ ಮೊಳೆಗಳೆಲ್ಲವೂ ನಾಶಕ್ಕೆ ಒಳಗಾದವುಗಳೇ. ಆ ಸಾಲಿಗೆ ನಮ್ಮ ಕಾಲದಲ್ಲಿ ಗಣಕಯಂತ್ರದ ಕಡತವೂ ಸೇರಿದೆ.

ಯಲಹಂಕಕ್ಕೆ ಸಮೀಪವಾದ ಸಿಂಗಾಪುರದ ಭಕ್ತರೊಬ್ಬರು ಕೆಲವು ವರ್ಷಗಳ ಹಿಂದೆ ಒಂದು ಸ್ಮರಣ ಸಂಚಿಕೆಯ ಕಡತವನ್ನು ನಮ್ಮಲ್ಲಿಗೆ ತಂದರು. ಅದು 1996ರಲ್ಲಿ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಸಿದ್ಧವಾದುದು. ಊರಿನ ವೃದ್ಧರು ಹೇಳಿದ ನೆನಪುಗಳು ಅದರಲ್ಲಿದ್ದವು. ಹೇಳಿದವರು ಈಗಿಲ್ಲ, ಹಸ್ತಪ್ರತಿಯೂ ಉಳಿದಿಲ್ಲ, ಉಳಿದ ಒಂದೇ ಮುದ್ರಿತ ಪ್ರತಿಯನ್ನು ಗೆದ್ದಲು ಅರ್ಧ ತಿಂದಿತ್ತು. ಮರುಮುದ್ರಣಕ್ಕೆಂದು ಕಡತವನ್ನು ತೆರೆದರೆ ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ಹುರುಳಿಕಾಳು ಚೆಲ್ಲಿದಂತೆ ಹರಡಿದ್ದವು. ‘ಫಾಂಟ್ ಇಲ್ಲ ಬುದ್ಧಿ’ ಎಂದು ಅವರು ಖೇದದಿಂದ ನುಡಿದರು. ಈ ಒಂದು ಮಾತಿನ ಹಿಂದೆ ಎರಡು ಶತಮಾನಗಳ ಇತಿಹಾಸವಿದೆ.

ಕನ್ನಡಕ್ಕೆ ಅಚ್ಚಿನ ರೂಪ ಬಂದುದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನದು. ಕಿಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿ, ಓಲೆಗರಿಯಲ್ಲಿದ್ದ ವಚನಗಳನ್ನು ಜನರ ಕೈಗಿತ್ತುದನ್ನು ನಮ್ಮ ಓದುಗರು ಬಲ್ಲರು. ಆ ಕಾಲದಲ್ಲಿಯೂ ಮೊಳೆಗಳ ಕೊರತೆ ಇತ್ತು. ಬೇಕಾದ ಮೊಳೆ ಮುಗಿದರೆ ಕಂಪೋಜಿಟರನು ಬೇರೊಂದನ್ನು ತಲೆಕೆಳಗಾಗಿ ನಿಲ್ಲಿಸಿ ಜಾಗ ಕಾದಿರಿಸುವುದು ಮುದ್ರಣದ ರೂಢಿಯಾಗಿತ್ತು. ಕೊರತೆ ಕಣ್ಣಿಗೆ ಕಾಣುತ್ತಿತ್ತು. ಒಮ್ಮೆ ಅಚ್ಚಾದ ಮೇಲೆ ಮೊಳೆಯನ್ನು ಕರಗಿಸಿದರೂ ಪುಟಕ್ಕೆ ಬಾಧೆಯಿರಲಿಲ್ಲ.

ಗಣಕ ಬಂದ ಮೇಲೆ ಸ್ಥಿತಿ ಬದಲಾಯಿತು. ಕನ್ನಡವನ್ನು ಗಣಕಕ್ಕೆ ಒಗ್ಗಿಸಿದವರಲ್ಲಿ ಕೆ. ಪಿ. ರಾವ್ ಅವರು ಪ್ರಮುಖರು. ಅವರ ಕೀಲಿಮಣೆಯ ವಿನ್ಯಾಸವೇ ಮುಂದಿನದಕ್ಕೆ ಆಧಾರವಾಯಿತು. ಆದರೆ ಅಂದಿನ ಫಾಂಟಿನಲ್ಲಿ ಇದ್ದುದು ಹೆಚ್ಚೆಂದರೆ 256 ಮನೆಗಳು. ಅವುಗಳಲ್ಲಿಯೂ ಹಲವು ಬಳಕೆಗೆ ದೊರೆಯುತ್ತಿರಲಿಲ್ಲ. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಅಷ್ಟರಲ್ಲಿ ಹಿಡಿಯವು. ಆದುದರಿಂದ ಅಕ್ಷರವನ್ನು ತುಂಡರಿಸಿ ಒಡಲು, ತಲೆಕಟ್ಟು, ಒತ್ತುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು. ‘ನುಡಿ’ಯ ಹಳೆಯ ಸಂಕೇತದಲ್ಲಿ ಕಕಾರದ ಒಡಲು ಇಂಗ್ಲಿಷಿನ ‘ಪಿ’ ಅಕ್ಷರದ ಮನೆಯಲ್ಲಿದೆ. ಹೀಗಾಗಿ ಕಡತದಲ್ಲಿ ಉಳಿದುದು ಕನ್ನಡವಲ್ಲ, ಕನ್ನಡದ ವೇಷ. ಫಾಂಟ್ ಇರುವವರೆಗೆ ವೇಷ ನಿಲ್ಲುತ್ತದೆ. ಅದು ಇಲ್ಲವಾದರೆ ಕಳಚಿ ಬೀಳುತ್ತದೆ.

ಶ್ರೀಲಿಪಿ, ಆಕೃತಿ, ಪ್ರಕಾಶಕ ಮುಂತಾದ ತಂತ್ರಾಂಶಗಳು ತಮ್ಮ ತಮ್ಮ ಕ್ರಮದಲ್ಲಿ ಮನೆಗಳನ್ನು ಹಂಚಿಕೊಂಡುದರಿಂದ ಒಬ್ಬರ ಬರಹ ಇನ್ನೊಬ್ಬರ ಯಂತ್ರದಲ್ಲಿ ಮೂಕವಾಯಿತು. ಪುಟವಿನ್ಯಾಸಕ್ಕೆ ಬಹುಜನರು ನಂಬಿದ ಪೇಜ್‌ಮೇಕರ್ 1985ರಲ್ಲಿ ಹುಟ್ಟಿ, 2001ರ ಆವೃತ್ತಿಯೊಡನೆ ನಿಂತುಹೋಯಿತು. ಇಲ್ಲದ ಫಾಂಟಿಗೆ ಬದಲಾಗಿ ಬೇರೊಂದನ್ನು ತಾನೇ ಸೂಚಿಸುವುದು ಅದರ ಪದ್ಧತಿ. ಅದಕ್ಕೆ ಒಪ್ಪಿ ಕಡತವನ್ನು ಉಳಿಸಿದರೆ ಮೂಲ ಫಾಂಟಿನ ಹೆಸರೂ ಅಳಿಸಿಹೋಗುವ ಭಯವಿದೆ.

ಈ ಗೊಂದಲವನ್ನು ನೀಗಲು ಕನ್ನಡ ಗಣಕ ಪರಿಷತ್ತು ಏಕರೂಪದ ಸಂಕೇತಕ್ಕಾಗಿ ಶ್ರಮಿಸಿ ‘ನುಡಿ’ಯನ್ನು ರೂಪಿಸಿತು. 1998ರಲ್ಲಿ ಬಂದ ‘ಬರಹ’ವೂ ಕನ್ನಡಿಗರಿಗೆ ದೊಡ್ಡ ಉಪಕಾರವನ್ನು ಮಾಡಿತು. ಆದರೂ ಮೂಲದೋಷಕ್ಕೆ ಮದ್ದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ನೆಲೆ ದೊರೆಯಿತು. ಅಲ್ಲಿ ‘ಕ’ ಎಂಬುದು ಎಂದೆಂದಿಗೂ ‘ಕ’ವೇ. ಫಾಂಟ್ ಇಲ್ಲದಿದ್ದರೆ ಅಂದ ಕೆಡಬಹುದು, ಸಾಲುಗಳು ಸರಿಯಬಹುದು, ಖಾಲಿ ಚೌಕಗಳೂ ಕಾಣಬಹುದು. ಬರೆದುದು ಮಾತ್ರ ಕೆಡದು.

ಸಿಂಗಾಪುರದ ಕಡತವೂ ಉಳಿಯಿತು. ಅದರಲ್ಲಿ ದಾಖಲಾಗಿದ್ದ ಫಾಂಟಿನ ಹೆಸರನ್ನು ಗುರುತಿಸಿ ಮುದ್ರಕರಲ್ಲಿ ವಿಚಾರಿಸಲಾಗಿ, ಒಬ್ಬರ ಹಳೆಯ ಯಂತ್ರದಲ್ಲಿ ಅದೇ ಫಾಂಟ್ ದೊರೆಯಿತು. ಅನಂತರ ಪರಿವರ್ತಕದಿಂದ ಬರಹವನ್ನು ಯೂನಿಕೋಡಿಗೆ ತಂದರು. ಕರಡು ತಿದ್ದುವಾಗ ಅರ್ಕಾವೊತ್ತು ಬಹಳ ಕಾಡಿತು. ‘ಧರ್ಮ’ ಎಂಬಲ್ಲಿ ಹಳೆಯ ಕಡತವು ಕಣ್ಣಿಗೆ ಕಾಣುವಂತೆ ಮಕಾರವನ್ನು ಮೊದಲು, ರೇಫವನ್ನು ಅನಂತರ ಇಡುತ್ತದೆ. ಹೊಸ ಸಂಕೇತವು ಉಚ್ಚಾರವನ್ನು ಅನುಸರಿಸುತ್ತದೆ. ನಡುನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡವಾಗಿ ವಿರೂಪಗೊಂಡಿದ್ದವು. ಗೆದ್ದಲು ಉಳಿಸಿದ ಪುಟಗಳೊಡನೆ ಹೋಲಿಸಿ ಒಂದೊಂದನ್ನೂ ತಿದ್ದಬೇಕಾಯಿತು.

ಆದುದರಿಂದ ಭಕ್ತರಲ್ಲಿಯೂ ಮಠದ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ: ಮನೆಯಲ್ಲಿರುವ ಹಳೆಯ ಫ್ಲಾಪಿ, ಸಿ.ಡಿ.ಗಳನ್ನು ಕಸವೆಂದು ಎಸೆಯಬೇಡಿರಿ. ಕಡತದೊಡನೆ ಅದರ ಫಾಂಟನ್ನೂ ಕಾಪಾಡಿರಿ. ಫಾಂಟ್ ಕಾಣದಿದ್ದಾಗ ಮೂಲವನ್ನು ಹಾಗೆಯೇ ಇರಿಸಿ, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿರಿ. ಹೊಸತನ್ನು ಯೂನಿಕೋಡಿನಲ್ಲಿ ಬರೆದು, ಫಾಂಟ್ ಅಡಕವಾದ ಪಿ.ಡಿ.ಎಫ್. ಪ್ರತಿಯನ್ನೂ ಕಾಗದದ ಪ್ರತಿಯನ್ನೂ ಜೊತೆಗಿಡಿರಿ. ಓಲೆಗರಿಯ ಕಾಲದಲ್ಲಿ ಪ್ರತಿಮಾಡಿದವರಿಂದಲೇ ಗ್ರಂಥಗಳು ಉಳಿದವು. ಆ ಹೊಣೆ ಈಗ ನಮ್ಮದು.