ಗಾರೆಯೊಳಗಿನ ಕಬ್ಬಿಣ

ಗಿರಗಾಂವ್, ಪರೇಲದ ಚಾಳುಗಳಲ್ಲಿ ಸಂಸಾರ ಹೂಡಿದ ನಮ್ಮ ಹಿರಿಯರ ತಲೆಯ ಮೇಲಿದ್ದುದು ಮರದ ತೊಲೆ. ಅದಕ್ಕೆ ಗೆದ್ದಲಿನ ಭಯ. ಮುಂದೆ ಗೋರೆಗಾಂವ್, ಮುಲುಂಡ್, ಡೊಂಬಿವಲಿಗಳಲ್ಲಿ ಸೊಸೈಟಿಯ ಬ್ಲಾಕು ಕೊಂಡಾಗ, ಕಬ್ಬಿಣ-ಸಿಮೆಂಟಿನ ಮನೆ, ಮೊಮ್ಮಕ್ಕಳ ಕಾಲಕ್ಕೂ ಚಿಂತೆಯಿಲ್ಲವೆಂದು ನಾವು ನಿಶ್ಚಿಂತರಾದೆವು. ಆ ನಿಶ್ಚಿಂತೆ ಎಷ್ಟು ಸರಿ ಎಂಬುದಕ್ಕೆ ಈ ಕರಾವಳಿಯ ಚರಿತ್ರೆಯೇ ಉತ್ತರ ಕೊಡುತ್ತದೆ.

ಹೊಸ ಕಾಂಕ್ರೀಟು ತೀವ್ರ ಕ್ಷಾರಗುಣವುಳ್ಳದ್ದು. ಅದರೊಳಗಿರುವ ತನಕ ಸಲಾಕೆಯ ಮೈಮೇಲೆ ತೆಳುವಾದ ರಕ್ಷಾಕವಚ ಉಳಿಯುತ್ತದೆ. ಇದಕ್ಕೆ ಶತ್ರುಗಳು ಇಬ್ಬರು. ಗಾಳಿಯ ಇಂಗಾಲಾಮ್ಲ ಒಳಕ್ಕಿಳಿದು ಕ್ಷಾರವನ್ನು ಕುಂದಿಸುತ್ತದೆ. ಕಡಲಿನ ಉಪ್ಪು ಕವಚವನ್ನೇ ಒಡೆಯುತ್ತದೆ. ತುಕ್ಕು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟು ಸೀಳುತ್ತದೆ, ಛಾವಣಿಯ ಚಕ್ಕೆ ಉದುರುತ್ತದೆ.

ಮುಂಬಯಿಯನ್ನು ವಾಶಿಗೆ ಜೋಡಿಸಿದ ಠಾಣೆ ಖಾಡಿಯ ಸೇತುವೆ 1973ರಲ್ಲಿ ತೆರೆಯಿತು. ನವಿ ಮುಂಬಯಿಯಲ್ಲಿ ನೆಲೆಸಿದ ಎಷ್ಟೋ ಕನ್ನಡ ಕುಟುಂಬಗಳು ಅದನ್ನು ದಾಟಿಯೇ ಹೋದವು. ಉಪ್ಪುಗಾಳಿಯಲ್ಲಿ ಅದರ ಬಿಗಿದ ಉಕ್ಕಿನ ತಂತಿಗಳಿಗೆ ತುಕ್ಕು ಹಿಡಿಯಿತು; 1997ರಲ್ಲಿ ಪಕ್ಕದಲ್ಲಿ ಎರಡನೆಯ ಸೇತುವೆ ಬಂದಿತು. ನಮ್ಮೂರಿನ ಬಸ್ಸುಗಳ ಹಾದಿಯಲ್ಲಿದ್ದ ಪಣಜಿಯ ಮಾಂಡವಿ ಸೇತುವೆಯಂತೂ ಇಪ್ಪತ್ತು ವರ್ಷವೂ ತುಂಬದೆ 1986ರ ಜುಲೈ 5ರಂದು ಕುಸಿಯಿತು. ಅಲ್ಲಿಯೂ ತುಕ್ಕಿನ ಕೈವಾಡವಿತ್ತು.

ಕಣ್ಣಿಗೆ ಕಾಣದ ಈ ರೋಗವನ್ನು ಮೊದಲೇ ಕಂಡುಹಿಡಿಯುವ ಬಗೆ ಹುಟ್ಟಿದ್ದೂ ಕಡಲ ಸೇತುವೆಯಿಂದಲೇ. ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯ ರಿಚರ್ಡ್ ಸ್ಟ್ರಾಟ್‌ಫುಲ್ 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸೇತುವೆಯೊಂದರ ಸಲಾಕೆಗಳ ವಿದ್ಯುತ್ ಒತ್ತಡವನ್ನು ಅಳೆದರು. ವೋಲ್ಟ್ ಮೀಟರಿನ ಒಂದು ತಂತಿಯನ್ನು ಸಲಾಕೆಗೆ ಕಟ್ಟಿ, ಇನ್ನೊಂದಕ್ಕೆ ಮೈಲುತುತ್ತದ ದ್ರಾವಣದಲ್ಲಿ ತಾಮ್ರವಿರುವ ನಳಿಗೆಯನ್ನು ಜೋಡಿಸಿ ಒದ್ದೆ ಕಾಂಕ್ರೀಟಿನ ಮೇಲಿಡುವುದು, ಇಷ್ಟೇ ಉಪಕರಣ. ಓದು ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗಿದ್ದರೆ ತುಕ್ಕು ಹಿಡಿಯುತ್ತಿರುವ ಸಂಭವ ನೂರಕ್ಕೆ ತೊಂಬತ್ತು; ಮೈನಸ್ 200ಕ್ಕಿಂತ ಮೇಲಿದ್ದರೆ ಹಿಡಿಯದಿರುವ ಸಂಭವ ಅಷ್ಟೇ. ನಡುವಿನದು ಸಂದೇಹ. ಎಷ್ಟು ಕಬ್ಬಿಣ ಸವೆದಿದೆ ಎಂದು ತಿಳಿಯಲು ಮಾತ್ರ ಅಲ್ಲಲ್ಲಿ ಒಡೆದು ನೋಡಲೇಬೇಕು. ಹಾಗೆ ಒಡೆದಲ್ಲಿ ಫಿನಾಲ್‌ಫ್ತಲೀನ್ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ, ಕಳೆದುಕೊಂಡ ಭಾಗಕ್ಕೆ ಬಣ್ಣವೇರದು.

ನಮ್ಮ ಸೊಸೈಟಿಗಳಲ್ಲಿ ಸಾಮಾನ್ಯವಾಗಿ ಆಗುವುದು ಸುತ್ತಿಗೆಯ ಪರೀಕ್ಷೆ. ಅದು ಮೇಲ್ಮೈಯ ಗಡಸುತನವನ್ನು ಅಳೆಯುತ್ತದೆಯೇ ಹೊರತು ಕಬ್ಬಿಣವನ್ನಲ್ಲ. ಇಂಗಾಲಾಮ್ಲ ಹೊಕ್ಕ ಹಳೆಯ ಕಾಂಕ್ರೀಟಿನ ಮೇಲ್ಮೈ ಮೊದಲಿಗಿಂತ ಗಡಸಾಗುವುದರಿಂದ, ಒಳಗೆ ರೋಗವಿದ್ದರೂ ಸುತ್ತಿಗೆ ಶುಭವನ್ನೇ ನುಡಿಯಬಹುದು. ಹಾಗೆಯೇ ಉದುರಿದ ಕಡೆ ಗಾರೆ ಮೆತ್ತಿ ಬಣ್ಣ ಬಳಿಯುವುದು ದುರಸ್ತಿಯಲ್ಲ, ಮರೆಮಾಚುವಿಕೆ.

ಮಹಾರಾಷ್ಟ್ರದ ಗೃಹ ಸೊಸೈಟಿಗಳ ಮಾದರಿ ಉಪವಿಧಿಗಳಂತೆ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ ಮೂರು ವರ್ಷಕ್ಕೊಮ್ಮೆ ತಪಾಸಣೆಯಾಗಬೇಕು. ಆದರೆ ವಾರ್ಷಿಕ ಸಭೆಯಲ್ಲಿ ಈ ವಿಷಯ ಬಂದೊಡನೆ ನಾವು ತಲೆ ತಗ್ಗಿಸುತ್ತೇವೆ. ಪೆನ್ಶನ್ನಿನಲ್ಲಿ ಬದುಕುವವರಿಗೆ ವಂತಿಗೆಯ ಚಿಂತೆ. ಮಾರಿ ಊರಿಗೆ ಹೋಗಬೇಕೆಂದಿರುವವರಿಗೆ ವರದಿ ಕೆಟ್ಟದಾದರೆ ಬೆಲೆ ಇಳಿದೀತೆಂಬ ಭಯ. ಎರಡೂ ಸುಳ್ಳಲ್ಲ. ಆದರೆ ಬೇಗ ಗೊತ್ತಾದರೆ ಕೆಲವು ಕಂಬಗಳ ದುರಸ್ತಿಯಲ್ಲಿ ಮುಗಿಯುವುದು, ತಡವಾದರೆ ಮನೆಯನ್ನೇ ಬಿಡಿಸುತ್ತದೆ. ಊರಿನ ತೋಟದ ಪಾಲು ಬಿಟ್ಟು, ಒಡವೆ ಅಡವಿಟ್ಟು ಕೊಂಡ ಎರಡು ಖೋಲಿಗಳವು. ಮುಂದಿನ ಸಭೆಯಲ್ಲಿ ಕಬ್ಬಿಣದ ಪರೀಕ್ಷೆಯನ್ನು ಕೇಳುವ ಮೊದಲ ಕೈ ನಮ್ಮದಾಗಲಿ.